ಅತ್ತೆ ಒರೆಸಿದ ಗುರುತು

ಹಾರ್ಲನ್ ಹಿತ್ತಲಿನ ಹಗ್ಗಕ್ಕೆ ಕಾಲುಚೀಲಗಳನ್ನು ಸಿಕ್ಕಿಸುತ್ತಿದ್ದ. ಐದನೆಯದಕ್ಕೆ ಜೊತೆ ಹುಡುಕುತ್ತಿದ್ದಾಗ ಕಾರಿನ ಶೆಡ್ಡಿನಿಂದ ಯಾರೋ ಹಾಡು ಗುನುಗುವುದು ಕೇಳಿಸಿತು. ಗುನುಗುತ್ತಿದ್ದವಳು ಅವನ ಅತ್ತೆ, ಹೆಂಡತಿಯ ತಾಯಿ ಓಪಲ್. ಓಪಲ್ ಸುಮ್ಮಸುಮ್ಮನೆ ಗುನುಗುವವಳಲ್ಲ. ಏನನ್ನಾದರೂ ತಿಕ್ಕುವಾಗ ಮಾತ್ರ ಗುನುಗುತ್ತಾಳೆ.

ಕಾಲುಚೀಲವನ್ನು ಹುಲ್ಲಿನ ಮೇಲೆ ಬಿಟ್ಟು ಅವನು ಓಡಿದ.

ಶೆಡ್ಡಿನಲ್ಲಿ ಅವನ ಹನ್ನೊಂದು ವರ್ಷದ ತಪಸ್ಸು ಬಾಯಿ ತೆರೆದು ನಿಂತಿತ್ತು. ಎಪ್ಪತ್ತನೆಯ ಇಸವಿಯ ಮಸಲ್ ಕಾರು. ನೇರಳೆಹಣ್ಣಿನ ಬಣ್ಣ, ಎರಡೇ ಬಾಗಿಲು, ಹೊಟ್ಟೆಯಲ್ಲಿ ಲಾರಿಗಾಗುವಷ್ಟು ಎಂಜಿನ್ನು. ಎತ್ತಿದ ಬಾನೆಟ್ಟಿನ ಕೆಳಗೆ ಅತ್ತೆ ಸೊಂಟದವರೆಗೆ ಒಳಹೊಕ್ಕು, ಮೊಸಳೆಗೆ ಹಲ್ಲುಜ್ಜುವವಳ ಹಾಗೆ ಕಾಣುತ್ತಿದ್ದಳು.

"ಅತ್ತೆ, ಏನ್ ಮಾಡ್ತಿದ್ದೀರಿ?"

"ಯಾರೋ ಪೋಲಿಗಳು ಇಲ್ಲೆಲ್ಲ ಹಳದಿ ಬಣ್ಣದಲ್ಲಿ ಗೀಚಿದ್ರು ಕಣಪ್ಪ. ವಿನಿಗರ್ ಹಾಕಿ ತಿಕ್ಕಿದೆ, ಹೋಯ್ತು. ಹತ್ತು ಜನ ನೋಡೋ ಕಾರನ್ನ ಹೀಗಾ ಇಟ್ಕೊಳ್ಳೋದು?"

ಹಾರ್ಲನ್ ಗೋಡೆ ಹಿಡಿದುಕೊಂಡ. ಗೀಚಿದ ಪೋಲಿ ಅವನೇ.

ಮಧ್ಯಾಹ್ನ ಎರಡಕ್ಕೆ ಜಿಲ್ಲೆಯ ಸಂತೆಮೈದಾನದಲ್ಲಿ ಹಳೆಯ ಕಾರುಗಳ ಸ್ಪರ್ಧೆ. ಅಲ್ಲಿನ ತೀರ್ಪುಗಾರರಿಗೆ ಫಳಫಳ ಹೊಳೆಯುವುದು ಬೇಕಿಲ್ಲ, ಕಾರು ಕಾರ್ಖಾನೆಯಿಂದ ಹೊರಟ ಹಾಗೇ ಇರಬೇಕು. ಅಂದು ಬಣ್ಣ ಸೋರಿದ್ದರೆ ಇಂದೂ ಸೋರಿರಬೇಕು. ಅಂದು ತಪಾಸಣೆಯವನು ಬಳಪದಲ್ಲಿ ಏನಾದರೂ ಬರೆದಿದ್ದರೆ ಅದೂ ಇರಬೇಕು. ಹಾರ್ಲನ್ ಕಾರನ್ನು ಬಿಚ್ಚಿದಾಗ ಇಪ್ಪತ್ತು ವರ್ಷದ ಜಿಡ್ಡಿನಡಿಯಲ್ಲಿ ಅಂಥದೊಂದು ಗುರುತು ಸಿಕ್ಕಿತ್ತು: ಒಂದು ಸೊನ್ನೆ, ಅದರ ಮೇಲೊಂದು ಓರೆ ಗೆರೆ, ಗೆರೆಯ ತುದಿಗೊಂದು ಕೊಕ್ಕೆ. ಅದನ್ನು ತೆಳುಕಾಗದದ ಮೇಲೆ ಪಡಿಯಚ್ಚು ತೆಗೆದಿಟ್ಟು, ಬಣ್ಣವೆಲ್ಲ ಮುಗಿದ ಮೇಲೆ ಅದೇ ಜಾಗದಲ್ಲಿ ಉಸಿರು ಬಿಗಿಹಿಡಿದು ಮತ್ತೆ ಬರೆದಿದ್ದ.

ಬಹುಮಾನದ ಆಸೆಯೊಂದೇ ಆಗಿದ್ದರೆ ಅವನಿಗೆ ಇಷ್ಟು ಚಡಪಡಿಕೆ ಇರುತ್ತಿರಲಿಲ್ಲ. ಈ ಕಾರನ್ನು ಅವನಿಗೆ ಮಾರಿದವಳು ಅಯೋನ್ ಎಂಬ ವಿಧವೆ. ಅವಳ ಗಂಡ ಬದುಕಿದ್ದಷ್ಟು ದಿನವೂ ಅವಳಿಗೆ ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. "ಕಾರು ರೆಡಿ ಆದ ದಿನ ನಂಗೊಂದು ಕಾಗದ ಹಾಕಪ್ಪ. ಸರೋವರದ ತನಕ ನಾನೇ ಓಡಿಸ್ಕೊಂಡು ಹೋಗಿ ಬರಬೇಕು," ಎಂದು ಮಾತು ತೆಗೆದುಕೊಂಡಿದ್ದಳು. ಹಾರ್ಲನ್ ಕೈಕುಲುಕಿ ಒಪ್ಪಿದ್ದ. ಅವನ ಹೆಂಡತಿ ಡೋರೀನ್ ಆ ವರ್ಷವೇ ಕಾಗದ ಬರೆದು ಲಕೋಟೆಗೆ ಹಾಕಿ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದ್ದಳು. ಕಾಗದ ಅಲ್ಲೇ ಇತ್ತು. ಕಾರು ರೆಡಿ ಆಗಿಬಿಡುತ್ತದಲ್ಲ ಎಂಬ ಭಯಕ್ಕೇ ಹಾರ್ಲನ್ ಅದನ್ನು ಹನ್ನೊಂದು ವರ್ಷ ರೆಡಿ ಮಾಡುತ್ತಿದ್ದ. ಅಯೋನ್‌ಗೆ ಈಗ ಎಂಬತ್ತನಾಲ್ಕು.

ಪಾರಾಗಲು ಒಂದೇ ದಾರಿಯಿತ್ತು. ಸಾವಿರಕ್ಕೆ ಸಾವಿರ ಅಂಕ ಪಡೆದ ಕಾರಿಗೆ ಸ್ಪರ್ಧೆ ನಡೆಸುವ ಸಂಘದವರು ಮುದ್ರೆ ಒತ್ತುತ್ತಾರೆ. ಆಮೇಲೆ ಅದರ ಚಕ್ರ ರಸ್ತೆಗೆ ತಾಗುವಂತಿಲ್ಲ. ಎಲ್ಲಿಗೆ ಹೋದರೂ ಟ್ರೇಲರಿನ ಮೇಲೆ, ದೇವರ ಹಾಗೆ. ನಾನೇನು ಮಾಡ್ಲಮ್ಮ, ರೂಲು, ಎಂದು ಕೈ ತೊಳೆದುಕೊಳ್ಳಬಹುದು.

ಡೋರೀನ್ ಬೆಳಿಗ್ಗೆಯೇ ಹೇಳಿದ್ದಳು: "ಸಾವಿರ ಬಂದ್ರೆ ನಾನು ಬಾಯಿ ಮುಚ್ಕೋತೀನಿ. ಒಂದೇ ಒಂದು ಕಮ್ಮಿ ಆದ್ರೂ ಈ ಕಾಗದ ಟಪ್ಪಾಲಿಗೆ. ನಂಗೂ ಅದ್ರಲ್ಲಿ ಕೂತು ಐಸ್‌ಕ್ರೀಮ್ ತಿನ್ನೋಕೆ ಹೋಗಬೇಕು ಅಂತ ಆಸೆ ಇದೆ. ಹನ್ನೊಂದು ವರ್ಷದಿಂದ ಅದಕ್ಕೆ ಹೊದಿಕೆ ಹೊಲೀತಾ ಇದ್ದೀನಿ, ಬಾಣಂತಿ ಮಗುಗೆ ಹೊಲಿದ ಹಾಗೆ."

ಈಗ ಗುರುತು ಹೋಗಿತ್ತು. ಹಳದಿ ಬಳಪವೂ ಮುಗಿದಿತ್ತು. ಹಾರ್ಲನ್ ಡಬ್ಬಿಗಳನ್ನೆಲ್ಲ ಬೋರಲು ಹಾಕಿ ಹುಡುಕಿದ. ಅಂಗಡಿಗೆ ಹೋಗಿ ಬರಲು ಸಮಯವಿಲ್ಲ.

"ಹಳದಿ ತಾನೇ?" ಓಪಲ್ ಕೈಚೀಲಕ್ಕೆ ಕೈ ಹಾಕಿದಳು. ಚರ್ಚಿನ ಬಿಂಗೋ ಆಟದಲ್ಲಿ ಚೀಟಿಯ ಅಂಕಿಗಳ ಮೇಲೆ ಒತ್ತುವ ಶಾಯಿಕಡ್ಡಿ ಅವಳ ಬಳಿ ಏಳು ಬಣ್ಣದಲ್ಲಿ ಇರುತ್ತಿತ್ತು. "ತಗೋ. ಅದೃಷ್ಟದ್ದು ಇದು. ಹೋದ ವಾರ ಇದ್ರಲ್ಲೇ ಒಂದು ಇಡೀ ಹಂದಿತೊಡೆ ಗೆದ್ದೆ."

ಬೇರೆ ಗತಿಯಿರಲಿಲ್ಲ. ಪಡಿಯಚ್ಚು ಇಟ್ಟುಕೊಂಡು ಹಾರ್ಲನ್ ಸೊನ್ನೆ, ಗೆರೆ, ಕೊಕ್ಕೆ ಬರೆದ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಬೆವರು ಒರೆಸಿಕೊಂಡು ಹಿಂದೆ ತಿರುಗಿದರೆ, ಪಕ್ಕದ ಮನೆಯ ವರ್ನ್ ಕಾರಿನ ಬಾಗಿಲಿನ ಅಂಚಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಟ್ರೇಲರ್ ಕೊಡಲು ಬಂದವನು. ಕೈಯಲ್ಲಿ ಉಪ್ಪುಕಾಗದ.

"ಇಲ್ಲೊಂದು ಕಡೆ ಬಣ್ಣ ಇಳಿದು ಹನಿ ಕಟ್ಟಿತ್ತು ಮಾರಾಯ. ನಾಲ್ಕು ಜನದ ಎದುರಿಗೆ ನಿಂಗೆ ಅವಮಾನ ಆಗಬಾರದು ಅಂತ ನೈಸ್ ಮಾಡಿದೆ."

"ಆ ಹನಿ ಇಳಿಸೋಕೆ ನಾನು ಒಂದು ಚಳಿಗಾಲ ಕೂತಿದ್ದೆ, ವರ್ನ್."

"ಬೇಕು ಅಂತಲೇ ಇಳಿಸಿದ್ದಾ?" ವರ್ನ್ ಆಗಷ್ಟೇ ಶೆಡ್ಡಿಗೆ ಬಂದ ಡೋರೀನ್ ಕಡೆ ತಿರುಗಿ ದನಿ ತಗ್ಗಿಸಿದ. "ಡಾಕ್ಟ್ರಿಗೆ ತೋರಿಸಿದ್ರಾ?"

ಬೆಂಕಿಕಡ್ಡಿಯ ತುದಿಯಿಂದ ಹೊಸ ಹನಿ ಇಳಿಸಿ, ಡೋರೀನಳ ಕೂದಲೊಣಗಿಸುವ ಯಂತ್ರದಲ್ಲಿ ಆರಿಸಿ, ಕಾರನ್ನು ಟ್ರೇಲರಿಗೆ ಹತ್ತಿಸುವಷ್ಟರಲ್ಲಿ ಮಧ್ಯಾಹ್ನದ ಒಂದು ಗಂಟೆ ದಾಟಿತು. ಟ್ರೇಲರ್ ಎಳೆಯುವ ಗಾಡಿ ಓಡಿಸಿದವನು ವರ್ನ್. ದಾರಿಯುದ್ದಕ್ಕೂ ಹಾರ್ಲನ್ ಮುಂದೆ ನೋಡಲೇ ಇಲ್ಲ. ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಮೈದಾನ ತಲುಪಿದ.

ಅಲ್ಲಿ ಸಾಲುಸಾಲು ಕಾರುಗಳು ಬಾನೆಟ್ಟು ಎತ್ತಿಕೊಂಡು, ಮರಿಹಕ್ಕಿಗಳು ತುತ್ತಿಗೆ ಬಾಯಿ ತೆರೆದ ಹಾಗೆ ನಿಂತಿದ್ದವು. ಹಿಂದೆ ಮಡಚುಕುರ್ಚಿಗಳಲ್ಲಿ ಮನೆಮಂದಿ. ಹಾರ್ಲನ್ ಮಾತ್ರ ಕೂರಲಿಲ್ಲ. ಕಾರಿನ ಸುತ್ತ ಸುತ್ತಿದ, ನೊಣ ಓಡಿಸಿದ, ಯಾರೋ ಕೆಮ್ಮಿದರೆ ಅಡ್ಡ ನಿಂತ. ಹಾಗೆ ಅಡ್ಡ ನಿಂತು ತಿರುಗಿ ನೋಡಿದರೆ ಅತ್ತೆಯ ಕುರ್ಚಿ ಖಾಲಿ.

ಓಪಲ್ ಕಾರಿನ ಹಿಂದಿನ ಸೀಟಿನಲ್ಲಿದ್ದಳು. ಮಡಿಲಲ್ಲಿ ಆಲೂಗೆಡ್ಡೆ ಸಲಾಡಿನ ತಟ್ಟೆ.

"ಇಳೀರಿ ಅತ್ತೆ. ತೀರ್ಪುಗಾರರು ಬರ್ತಿದ್ದಾರೆ."

"ಬಿಸಿಲು ತಡೀಲಿಲ್ಲಪ್ಪ. ಹತ್ತೋದೇನೋ ಹತ್ತಿಬಿಟ್ಟೆ. ಇಳಿಯೋಕೆ ಮಂಡಿ ಒಪ್ತಿಲ್ಲ."

ಹಾರ್ಲನ್ ಒಂದು ಕೈ ಎಳೆದ, ಡೋರೀನ್ ಇನ್ನೊಂದು ಎಳೆದಳು, ವರ್ನ್ ಆಚೆಯಿಂದ ದಬ್ಬಿದ. ಎರಡೇ ಬಾಗಿಲಿನ ಕಾರು. ಓಪಲ್ ಬಾಟಲಿಯೊಳಗೆ ಬೆಳೆದ ಸೌತೆಕಾಯಿಯಂತೆ ಭದ್ರವಾಗಿದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು.

ತೀರ್ಪುಗಾರ ಸ್ಟೆಂಜೆಲ್ ಕಡ್ಡಿಯಂಥ ಮುದುಕ. ಈ ಕಾರು ತಯಾರಾದ ಕಾರ್ಖಾನೆಯಲ್ಲೇ ಹದಿನೇಳು ವರ್ಷ ತಪಾಸಣೆ ಮಾಡಿದವನು. ಹಿಂದಿನ ಸೀಟನ್ನು ಇಣುಕಿ, "ಇವರೂ ಕಾರ್ಖಾನೆಯಿಂದಲೇ ಬಂದವರೋ?" ಎಂದು ಕೇಳಿದ.

"ಅಲ್ಲ ಸರ್. ಆಮೇಲೆ ಸೇರಿಸಿದ್ದು," ಎಂದ ಹಾರ್ಲನ್.

"ಹಾಗಾದ್ರೆ ಲೆಕ್ಕಕ್ಕೆ ಹಿಡಿಯಲ್ಲ ಬಿಡಿ."

ಮುದುಕ ಬಾಗಿಲಿನ ಅಂಚಿನ ಹನಿಯನ್ನು ಬೆರಳಲ್ಲಿ ಸವರಿ ತಲೆಯಾಡಿಸಿದ. ಬೋಲ್ಟುಗಳನ್ನು ನೋಡಿ ತಲೆಯಾಡಿಸಿದ. ಎಂಜಿನ್ನಿನ ನಂಬರು ಓದಿ ತಲೆಯಾಡಿಸಿದ. ಆಮೇಲೆ ಹಳದಿ ಗುರುತಿನ ಮುಂದೆ ಬಗ್ಗಿದವನು ಬಗ್ಗಿಯೇ ಉಳಿದ. ಕನ್ನಡಕ ತೆಗೆದ, ಕಣ್ಣೊರೆಸಿಕೊಂಡ, ಮತ್ತೆ ಹಾಕಿಕೊಂಡ.

"ಇದು ನನ್ನ ಕೈಬರಹ."

ಹಾರ್ಲನ್ ಡೋರೀನ್ ಕಡೆ ನೋಡಿದ. ಸಾವಿರವೂ ಅವನ ಜೇಬಿಗೆ ಬಿದ್ದಾಗಿತ್ತು. "ಜಿಡ್ಡಿನ ಕೆಳಗೆ ಹ್ಯಾಗಿತ್ತೋ ಹಾಗೇ ಇಳಿಸಿದ್ದೀನಿ ಸರ್."

"ಹಾಗೇ ಇದೆ. ಆ ಕೊಕ್ಕೆ ನನ್ನನ್ನ ಬಿಟ್ಟು ಬೇರೆ ಯಾರೂ ಹಾಕ್ತಿರಲಿಲ್ಲ. ಇದರರ್ಥ ಏನು ಗೊತ್ತೇನಪ್ಪ?"

"ಎಲ್ಲ ಸರಿಯಿದೆ ಅಂತ."

"ತಡೆ ಅಂತ. ಏನೋ ಕೊರತೆಯಿದೆ, ಗೇಟು ದಾಟಿಸಬೇಡಿ ಅಂತ. ಅದನ್ನ ಸರಿಮಾಡಿದ ಮೇಲೆ ಈ ಗುರುತು ಒರೆಸಿ ಆಚೆ ಕಳಿಸಬೇಕಿತ್ತು."

"ಆದ್ರೆ ಇದು ಗುರುತಿನ ಜೊತೆಗೇ ಆಚೆ ಬಂದಿದೆಯಲ್ಲ ಸರ್."

"ಯಾರೋ ಒರೆಸೋಕೆ ಮರೆತಿರ್ತಾರೆ. ನಮ್ಮ ರೂಲು ಏನು? ಕಾರ್ಖಾನೆಯಿಂದ ಹೊರಟ ಹಾಗೆ. ಈ ಗುರುತಿದ್ರೆ ಕಾರು ಇನ್ನೂ ಹೊರಟೇ ಇಲ್ಲ. ಹೊರಡದೇ ಇರೋ ಕಾರಿಗೆ ನಾನು ಎಲ್ಲಿಂದ ಅಂಕ ತರ್ಲಿ?" ಮುದುಕ ಹಾಳೆಯ ಮೇಲೆ ಬಹಳ ಮರ್ಯಾದೆಯಿಂದ ಒಂದು ದುಂಡನೆಯ ಸೊನ್ನೆ ಬರೆದ. "ಹೊಟ್ಟೆ ಉರಿಯುತ್ತೆ ಕಣಪ್ಪ. ಬಾಕಿಯೆಲ್ಲ ಅಪ್ಪಟ. ಇದೊಂದನ್ನ ಯಾರಾದ್ರೂ ಒರೆಸಿದ್ದಿದ್ರೆ ಸಾವಿರಕ್ಕೆ ಸಾವಿರ ಬರೆದು ಹೋಗ್ತಿದ್ದೆ."

"ನಾನು ಒರೆಸಿದ್ದೆ," ಎಂದಿತು ಹಿಂದಿನ ಸೀಟು.

ಡೋರೀನ್ ಬಂದು ಮುಂದಿನ ಸೀಟಿನಲ್ಲಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಆರಾಮಾಗಿ ಒರಗಿ ಕೂತಳು. "ಅಮ್ಮನ್ನ ಇಳಿಸೋದಕ್ಕಿಂತ ಕಾರು ಓಡಿಸೋದು ಸುಲಭ. ಹತ್ತು."

ಎಂಜಿನ್ನು ಗುಡುಗಿತು. ಓಪಲ್‌ಳ ಸಲಾಡು ನಡುಗಿತು. ಡೋರೀನ್ ಕಿಟಕಿ ಇಳಿಸಿ ಮೊಣಕೈ ಹೊರಗಿಟ್ಟು, ಕಂಡವರಿಗೆಲ್ಲ ಕೈಬೀಸಿದಳು. ಹಿಂದೆ ವರ್ನ್, ಖಾಲಿ ಟ್ರೇಲರ್ ಎಳೆದುಕೊಂಡು. ಮೈದಾನದ ಗೇಟಿನ ಪಕ್ಕದಲ್ಲೇ, ಕಾರಿನಿಂದ ಇಳಿಯದೆ ಕಾಗದ ಹಾಕುವಂಥ ನೀಲಿ ಅಂಚೆಡಬ್ಬ.

"ನಿಲ್ಲಿಸು," ಎಂದಳು ಡೋರೀನ್. ಕೈಚೀಲದಿಂದ ಲಕೋಟೆ ಹೊರಬಂತು. ಅಂಚೆಯ ದರ ಏರಿದಾಗೆಲ್ಲ ಅವಳು ಒಂದೊಂದು ಚೀಟಿ ಅಂಟಿಸಿದ್ದರಿಂದ ವಿಳಾಸಕ್ಕೆ ಜಾಗ ಸಾಲದಾಗಿತ್ತು.

ಹಾರ್ಲನ್ ಅದನ್ನು ಹಿಡಿದು ಕೂತ. "ಎಂಬತ್ತನಾಲ್ಕು ಕಣೇ ಅವಳಿಗೆ. ಲೈಸೆನ್ಸಾದ್ರೂ ಇದೆಯೋ ಇಲ್ವೋ."

"ಹೋದ ತಿಂಗಳು ತಗೊಂಡಳಂತೆ, ನಿನ್ನ ಕಾಗದ ಬರೋ ಹೊತ್ತಿಗೆ ಇರ್ಲಿ ಅಂತ. ಆರನೇ ಸಲಕ್ಕೆ ಪಾಸಾದಳಂತೆ."

"ಹಿಂದಿನ ಐದು ಸಲ ಏನಾಯ್ತು?"

"ಅದನ್ನ ಅವಳೇ ಬಂದು ಹೇಳ್ತಾಳೆ. ಹಾಕು."

ಹಿಂದಿನಿಂದ ವರ್ನ್ ಹಾರನ್ ಹೊಡೆದ. ಹಾರ್ಲನ್ ಕಿಟಕಿಯಿಂದ ಕೈ ಚಾಚಿದ. ಕಾಗದ ಒಳಗೆ ಬಿತ್ತು. ಬೆರಳುಗಳು ಮಾತ್ರ ಇನ್ನೂ ಸ್ವಲ್ಪ ಹೊತ್ತು ಡಬ್ಬದ ಬಾಯಲ್ಲೇ ಇದ್ದವು.