ಕೂತವರು ತಕರಾರು ಮಾಡದ ವ್ಯಾನು

ಹಳೇ ಗಾಡಿ ತಗೊಂಡಾವಂಗ ಹೊತ್ತು ಹೋಗೋದಿಲ್ಲ ಅನ್ನೋ ಚಿಂತಿನ ಇರಂಗಿಲ್ಲ. ದಿನಾ ಒಂದೊಂದು ಪ್ರಸಂಗ ಗಾಡಿನ ತಂದು ಮುಂದ ಇಡ್ತದ. ಕೇಳಿದವರು ಹೊಟ್ಟಿ ಹಿಡಕೊಂಡು ನಗ್ತಾರ. ನಗ್ರಿ, ನಗ್ರಿ. ಆವಾಗ ನನಗ ಮಾತ್ರ ಹಾಡಹಗಲಿ ಮೈಮ್ಯಾಲಿನ ಕೂದಲು ಎದ್ದು ನಿಂತಿದ್ವು.

ವಿಷಯ ಇಷ್ಟ. ನಾ ಜೇವರ್ಗಿಯಾಗ ಹದಿನೆಂಟು ವರ್ಷ ಮಂದಿ ಗಾಡಿ ಓಡಿಸ್ದಾವ. ನೆಲೋಗಿ ಕಡೆ ಸಾಲಿಗೆ ದಿನಾ ಹೋಗಿ ಬರೋ ಒಂಬತ್ತು ಮಂದಿ ಟೀಚರಮ್ಮಗೋಳು ಬಸ್ಸಿಗೆ ಕಾದು ಕಾದು ಬ್ಯಾಸತ್ತು, "ಅಣ್ಣಾರ, ನೀವ ಒಂದು ವ್ಯಾನು ತಗೋರಿ. ನಾವೆಲ್ಲಾ ನಿಮ್ಮ ಗಾಡ್ಯಾಗ ಬರ್ತೇವಿ. ಆದ್ರ ಎಫ್.ಸಿ. ಇರಬೇಕು ನೋಡ್ರಿ" ಅಂದ್ರು. ಎಫ್.ಸಿ. ಅಂದ್ರ ಗಾಡಿ ರಸ್ತಾದ ಮ್ಯಾಲ ಓಡಾಕ ಲಾಯಕ್ಕ ಅದ ಅಂತ ಸರಕಾರ ಕೊಡೋ ಕಾಗದ. ಬ್ಯಾಸಗಿ ಸೂಟಿ ಮುಗಿಯೋದ್ರೊಳಗ ಆ ಕಾಗದ ಬರದಿದ್ರ ಅವರು ಬ್ಯಾರೆ ಗಾಡಿ ನೋಡ್ಕೋತಾರ, ನಾ ಮತ್ತ ಮಂದಿ ಸ್ಟೇರಿಂಗ್ ಹಿಡಿಯಾಕ ಹೋಗಬೇಕು. ಐವತ್ತು ದಾಟಿದ ಮ್ಯಾಲ ಇನ್ನೊಬ್ಬರ ಗಾಡಿ ಕೀಲಿಗೆ ಕೈ ಚಾಚಿ ನಿಲ್ಲೋದು ನನಗ ಸಾಕಾಗಿತ್ತು.

ಖಜೂರಿಯಿಂದ ಬಂದದ್ದು

ವ್ಯಾನು ಸಿಕ್ಕಿದ್ದು ಖಜೂರಿಯಾಗ, ಒಬ್ಬ ದಲ್ಲಾಳಿ ಕಡೆ. ಹೊಸಾ ಬಿಳೀ ಬಣ್ಣ, ಫಳಫಳ. ಡ್ರೈವರ್ ಸೀಟಿಗೂ ಹಿಂದಿನ ಸೀಟಿಗೂ ನಡುವ ಒಂದು ತಗಡಿನ ಗ್ವಾಡಿ. ಹಿಂದಿನ ಸೀಟು ಮಾತ್ರ ಹೊಸಾವು.

"ಭಾಳ ಸಾವಕಾಶ ಓಡಿಸಿದ ಗಾಡಿರಿ," ಅಂದ ದಲ್ಲಾಳಿ. "ಸ್ಪೀಡ ಅಂದ್ರ ಏನಂತ ಇದಕ್ಕ ಗೊತ್ತಿಲ್ಲ. ಕೂತವರು ಒಬ್ಬರಾದ್ರೂ ಇವತ್ತಿನತನಾ ತಕರಾರು ಮಾಡಿಲ್ಲ."

"ಮೊದಲಿನ ಮಾಲಕರು ಯಾರ್ರಿ?"

"ಸೇವಾ ಮಾಡೋ ಮಂದಿರಿ. ಧರ್ಮದ ಕೆಲಸ."

ಹಿಂದಿನ ಬಾಗಿಲ ತೆಗದ್ರ ಗಮ್ ಅಂತ ಊದಬತ್ತಿ ವಾಸನಿ. ದೇವರಂಥಾ ಮಂದಿ ಇಟ್ಟ ಗಾಡಿ ಅಂತ ಕೈ ಮುಗದು ತಗೊಂಡೆ.

ಆಳಂದ ದಾಟಿದ ಮ್ಯಾಲ ಸುರು ಆತು ನೋಡ್ರಿ. ಸುಡು ಸುಡು ಮಧ್ಯಾಹ್ನ, ರಸ್ತಾದ ಮ್ಯಾಲ ಒಂದು ನಾಯಿ ಸೈತ ಇಲ್ಲ. ನಾ ಮುಟ್ಟೇ ಇಲ್ಲ, ಹಾರ್ನ್ ಉದ್ದಕ ಒಂದ ಸಲ ಕೂಗಿ ಗಪ್ಪಾತು. ಆಮ್ಯಾಲ ವೈಪರ್ ಎದ್ದು ಗಾಜಿನ ಮ್ಯಾಲ ಒಂದ ಸಲ ಅತ್ತಿತ್ತ ಆಡ್ತು, ಯಾರೋ ಬೆರಳ ಅಲ್ಲಾಡಿಸಿ ಬ್ಯಾಡ ಬ್ಯಾಡ ಅಂದಂಗ. ಒಂದು ತಿರುವಿನ್ಯಾಗ ಬದಿ ಬಾಗಿಲ ಝರ್ ಅಂತ ತಾನ ತೆರೀತು. ಇಳದು ಹಾಕಿದೆ. ಮುಂದಿನ ತಿರುವಿನ್ಯಾಗ ಮತ್ತ ತೆರೀತು. ಹೊಳ್ಳಿ ನೋಡಿದ್ರ ಬಾಗಲಿಗೆ ಎದುರ ಒಂದು ಕಬರಸ್ತಾನ.

ಮುಖ ತಿರುಗಿಸದ, "ಇಳಿಯೋರು ಇದ್ರ ಇಳೀರಿ, ನನಗ ಮುಂದ ಭಾಳ ದೂರ ಹೋಗೋದದ" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಇಳದು ಬಾಗಿಲ ಹಾಕಿದೆ. ಖರೇ ಹೇಳ್ತೇನಿ, ಆಮ್ಯಾಲ ಗಾಡಿ ಹಗರ ಆದಂಗ ಅನಿಸ್ತು. ಅಫಜಲಪುರದಾಗ ಹೋಟೆಲ್ ಮುಂದ ನಿಂತಾಗ ಬಾಯಿತಪ್ಪಿ ಎರಡು ಚಾ ಹೇಳಿಬಿಟ್ಟೆ.

ಮುಂಜಾನೆ ಅಳು

ನಮ್ಮ ಓಣಿಯಾಗ ಎಲ್ಲಿಂದರೆ ಹೆಂಗಸು ಅಳೋ ದನಿ ಕೇಳಿದ್ರ ಒಲಿ ಮ್ಯಾಲಿದ್ದದ್ದು ಒಲಿ ಮ್ಯಾಲ ಬಿಟ್ಟು ಓಡಿ ಬರೋದು ಪದ್ಧತಿ. ಯಾರ ಮನಿ, ಏನಾತು ಅಂತ ಕೇಳೋದು ಆಮ್ಯಾಲ. ಮೊದಲ ಬಂದು ನಿಲ್ಲಬೇಕು.

ಮರುದಿನ ಮುಂಜಾನೆ ನಾ ವ್ಯಾನು ಸುರು ಮಾಡಿದೆ. ಬಾನೆಟ್ಟಿನ ಒಳಗಿಂದ ಒಂದು ದನಿ ಎದ್ದಿತು ನೋಡ್ರಿ, ಮೊದಲ ಸಣ್ಣಗ, ಆಮೇಲೆ ಉದ್ದಕ ಎಳೆದು ಎಳೆದು. ನನ್ನ ಹೆಂಡತಿ ಕೈಯಾಗಿನ ತಂಬಿಗಿ ಬಿಟ್ಟಳು. ನಾ ಎಂಜಿನ್ ಬಂದ್ ಮಾಡೋದ್ರೊಳಗ ಎಂಟು ಮಂದಿ ಹೆಂಗಸರು ತಲಿಮ್ಯಾಲ ಸೆರಗು ಹೊತ್ತು ಅಂಗಳದಾಗ ನಿಂತಿದ್ರು. ಎದುರು ಮನಿ ಚಾಚಿ ನನ್ನ ಹೆಂಡತಿ ಕೈ ಹಿಡಿದು, "ಯಾವಾಗ ಹೋದ್ರವ್ವಾ?" ಅಂದ್ಳು.

"ಯಾರೂ ಹೋಗಿಲ್ಲ ಚಾಚಿ, ಗಾಡಿ ಸುರು ಆಗ್ಯಾದ" ಅಂತ ನಾ ಅಂದೆ.

ರಿಪೇರಿ ಉಸ್ತಾದನ್ನ ಕರಕೊಂಡು ಬಂದೆ. ಅಂವ ಬಾನೆಟ್ ಎತ್ತಿ ಬೆರಳು ಹಾಕಿ ನೋಡಿ, "ಕುಛ್ ನಹೀ ಭಾಯ್, ಬೆಲ್ಟ್ ಸವದದ, ಅದಕ್ಕ ಅಳಾಕತ್ತದ. ಹಾರ್ನಿನ ವೈರ್ ಇಲಿ ಕಡದಾವ, ಬಿಸಲಿಗೆ ಒಂದಕ್ಕೊಂದು ತಾಕಿ ಕೂಗ್ತದ. ವೈಪರ್ ಸ್ವಿಚ್ ಸಡಲ. ಬಾಗಿಲ ಕೊಂಡಿ ಸವದು ರಸ್ತಾ ವಾಲಿದ ಕಡೆ ತೆರೀತದ. ಹಳೇ ಗಾಡಿಗೆ ಇವೆಲ್ಲಾ ಇದ್ದದ್ದ" ಅಂದ.

ನನಗ ಹೋದ ಜೀವ ಬಂದಂಗಾತು. "ಮತ್ತ ಈ ಊದಬತ್ತಿ ವಾಸನಿ?" ಅಂದೆ. ಉಸ್ತಾದ ಮೂಸಿ ನೋಡಿದ, ಮತ್ತೊಮ್ಮೆ ಮೂಸಿದ, ಸಾಮಾನು ಎತ್ತಿಕೊಂಡು ದೂರ ನಿಂತು, "ಅದು ನನ್ನ ಲೈನ್ ಅಲ್ಲ ಭಾಯ್" ಅಂದ.

ಚಾಚಿ ಮಾತ್ರ ಒಂದು ವಾರ ನನ್ನ ಜೋಡಿ ಮಾತು ಬಿಟ್ಟಿದ್ಳು. ಆಕಿ ಹಂಚಿನ ಮ್ಯಾಲಿನ ಎರಡು ರೊಟ್ಟಿ ನನ್ನ ಬೆಲ್ಟಿನ ಸಲುವಾಗಿ ಸುಟ್ಟು ಕರಕಾಗಿದ್ವು.

ಮೊದಲನೇ ಪರೀಕ್ಷಾ

ತಿಂಗಳಿಗೊಮ್ಮೆ ಎಫ್.ಸಿ. ಕೊಡೋ ಇನ್ಸ್‌ಪೆಕ್ಟರ್ ಸಾಹೇಬರು ನಮ್ಮ ಊರಾಗ ಕ್ಯಾಂಪ್ ಹಾಕಿ ಗಾಡಿ ನೋಡ್ತಿದ್ರು. ಮೈಸೂರು ಕಡೆಯವರು, ಹೊಸದಾಗಿ ಬಂದವರು. ನಗು ಅಂಬೋದು ಅವರ ಮುಖಕ್ಕ ಯಾರೂ ತೋರಿಸೇ ಇರಲಿಲ್ಲ. ಒಂದು ಹಲಗಿಗೆ ಕಾಗದ ಸಿಗಿಸಿಕೊಂಡು ಗಾಡಿ ಸುತ್ತ ತಿರುಗಿದ್ರು. ಟೈರ್ ಸವದದ, ಫೇಲ್. ಬ್ರೇಕ್ ಎಡಕ್ಕ ಎಳೀತದ, ಫೇಲ್. ಸೈಲೆನ್ಸರ್ ಹೊಗಿ, ಫೇಲ್.

ಹಿಂದ ಕಾಲಡಿ ಮ್ಯಾಟ್ ಎತ್ತಿದ್ರು. ತಗಡು ಜಂಗ್ ಹಿಡಿದು ತೂತು ಬಿದ್ದಿತ್ತು. ಅದರ ಸುತ್ತ ಒಣಗಿದ ಚೆಂಡುಹೂವಿನ ಎಸಳು, ನಾಕು ಕಾಳು ಚುರುಮುರಿ.

"ಏನ್ರೀ ಇದು?"

"ದೇವರದ್ದು ಸಾರ್," ಅಂದೆ. ನನಗೂ ಗೊತ್ತಿರಲಿಲ್ಲ.

ಅವರು ಎಸಳು ಕೈಯಾಗ ಹಿಡಕೊಂಡು ನೋಡಿ ಕೆಳಗ ಒಗದ್ರು. ಆಮ್ಯಾಲ ಗಾಡಿ ಎದುರ ಹೋಗಿ ನಿಂತು ಬರಿಯಾಕತ್ತಿದ್ರು. ಎಂಜಿನ್ ಬಂದ್ ಇತ್ತು, ಹ್ಯಾಂಡ್ ಬ್ರೇಕ್ ಎಳದಿದ್ದೆ, ನಾ ಕೆಳಗ ಇದ್ದೆ. ಗಾಡ್ಯಾಗ ಯಾರೂ ಇಲ್ಲ. ಅದು ಸಪ್ಪಳ ಇಲ್ಲದ ಸಾವಕಾಶ ಅವರ ಕಡೆ ಹೊಂಟಿತು. ಸಾಹೇಬರು ಒಂದು ಹೆಜ್ಜಿ ಹಿಂದ ಸರದ್ರು, ಗಾಡಿ ಒಂದು ಹೆಜ್ಜಿ ಮುಂದ ಬಂತು. ಅವರು ಎಡಕ್ಕ ಹೊಳ್ಳಿದ್ರು, ಬ್ರೇಕ್ ಎಳೀತಿತ್ತಲ್ಲ, ಅದೂ ಎಡಕ್ಕ ಹೊಳ್ತು.

"ಇನ್ನೊಂದೇ ಚಾನ್ಸ್! ಮುಂದಿನ ಕ್ಯಾಂಪಿಗೆ ಎಲ್ಲಾ ಸರಿ ಮಾಡ್ಕೊಂಡು ಬಾ, ಇಲ್ಲಾಂದ್ರೆ ಗುಜರಿಗೆ ಹಾಕು!" ಅಂತ ಒದರಿದ್ರು. ಹ್ಯಾಂಡ್ ಬ್ರೇಕ್ ಫೇಲ್ ಅಂತ ಓಡಿಕೋತನ ಬರದ್ರು.

ಮರ್ಯಾದಿ

ಮುಂದಿನ ಒಂದು ತಿಂಗಳು ಉಸ್ತಾದಗ ಬ್ಯಾರೆ ಕೆಲಸ ಮಾಡಾಕ ಬಿಡಲಿಲ್ಲ. ಬೆಲ್ಟ್, ವೈರ್, ಬ್ರೇಕ್, ಟೈರ್, ಬಾಗಿಲ ಕೊಂಡಿ, ಕೆಳಗಿನ ತಗಡು ಎಲ್ಲಾ ಹೊಸದು. ನಾ ದಿನಾ ಗಾಡಿ ತಿಕ್ಕಿ ತಿಕ್ಕಿ ತೊಳಿತಿದ್ದೆ. ನೋಡೋಣಂತ ಅಫಜಲಪುರತನಾ ಒಂದು ಸುತ್ತು ಹೊಂಟೆ.

ಏನ್ ಹೇಳ್ಲಿರಿ ಆ ಮರ್ಯಾದಿ! ಹೋಟೆಲ್ ಮುಂದ ಕೂತವರು ಚಾ ಕೆಳಗಿಟ್ಟು ಎದ್ದು ನಿಂತ್ರು. ಟೋಪಿ ಹಾಕಿದವರು ಟೋಪಿ ತೆಗದ್ರು. ಒಬ್ಬ ಹಿರೇ ಸಾಬರು ಎರಡೂ ಅಂಗೈ ಎತ್ತಿ ತುಟಿ ಅಲ್ಲಾಡಿಸಿದ್ರು. ಟ್ರ್ಯಾಕ್ಟರಿನಾವ ಹಾಡು ಬಂದ್ ಮಾಡಿ ಬದಿಗೆ ಸರದ. ಸ್ವಂತ ಗಾಡಿ ಇದ್ದಾವಂಗ ಮಂದಿ ಇಷ್ಟು ಕಿಮ್ಮತ್ತು ಕೊಡ್ತಾರೇನು ಅಂತ ಎದಿ ಉಬ್ಬಿ, ಕೈ ಎತ್ತಿ ಎಲ್ಲಾರಿಗೂ ನಮಸ್ಕಾರ ಮಾಡಿಕೋತ ಹೊಂಟೆ. ಯಾರೂ ನಗಲಿಲ್ಲ. ನಾ ಹೋದಲ್ಲೆಲ್ಲಾ ಊರು ಗಪ್ಪಾಗ್ತಿತ್ತು. ಮೂರನೇ ಊರಿಗೆ ಬರೋದ್ರಾಗ ನನಗ ಒಳಗೊಳಗ ಹೆದರಿಕಿ ಸುರು ಆತು.

ಒಂದು ಕಡೆ ನಿಲ್ಲಿಸಿದೆ. ಒಬ್ಬ ಮುದುಕರು ಹತ್ತಿರ ಬಂದು ದನಿ ತಗ್ಗಿಸಿ, "ಯಾರ್ರಿ?" ಅಂತ ಕೇಳಿದ್ರು.

"ನಾನ್ರಿ," ಅಂದೆ.

ಮುದುಕರು ನನ್ನ ಮುಖ ನೋಡಿ, ಗಾಡಿ ನೋಡಿ, ಎರಡು ಹೆಜ್ಜಿ ಹಿಂದ ಸರದು ಅಲ್ಲೇ ಕೂತುಬಿಟ್ರು.

ಮನಿಗೆ ಬಂದ್ರ ಹೆಂಡತಿ ಬಾಗಲದಾಗ ಸೊಂಟದ ಮ್ಯಾಲ ಕೈ ಇಟ್ಟು ನಿಂತಿದ್ಳು. "ಬದಿಗೆ ಬಂದು ಓದ್ರಿ" ಅಂದ್ಳು. ತೊಳದು ತೊಳದು ಸಡಲಾದ ಹೊಸಾ ಬಣ್ಣ ಹಾದ್ಯಾಗ ಗಾಳಿಗೆ ಎದ್ದು ಹೋಗಿತ್ತು. ಅದರ ಕೆಳಗ ಒಂದು ಬದಿಗೆ ಕನ್ನಡದಾಗ, ಇನ್ನೊಂದು ಬದಿಗೆ ಮರಾಠಿಯಾಗ ಇಷ್ಟಿಷ್ಟು ದೊಡ್ಡ ಅಕ್ಷರ: ಅಂತಿಮ ಯಾತ್ರಾ ವಾಹನ.

ದಲ್ಲಾಳಿಗೆ ಫೋನ್ ಹಚ್ಚಿ ಬಾಯಿಗೆ ಬಂದಂಗ ಬೈದೆ. ಅಂವ ತಣ್ಣಗ, "ಸುಳ್ಳ ಹೇಳೇನೇನ್ರಿ ನಾ? ಕೂತವರು ಯಾರಾದ್ರೂ ಬಂದು ತಕರಾರು ಮಾಡಿದ್ರ ಕರಕೊಂಡು ಬರ್ರಿ" ಅಂದ.

ಎರಡನೇ ಪರೀಕ್ಷಾ

ಮರುದಿನ ಕ್ಯಾಂಪ್. ಬಣ್ಣ ಹಚ್ಚಾಕ ಟೈಮ್ ಇಲ್ಲ. ಅಕ್ಷರದ ಮ್ಯಾಲ ಸುಣ್ಣ ಬಳದು ದೇವರ ಮ್ಯಾಲ ಭಾರ ಹಾಕಿ ಒಯ್ದೆ.

ಬ್ರೇಕ್ ಪಾಸ್. ಲೈಟ್ ಪಾಸ್. ಹಾರ್ನ್, ವೈಪರ್, ಹೊಗಿ, ಎಲ್ಲಾ ಪಾಸ್. ಹ್ಯಾಂಡ್ ಬ್ರೇಕ್ ನೋಡೋವಾಗ ಸಾಹೇಬರು ಗಾಡಿ ಎದುರ ನಿಲ್ಲಲಿಲ್ಲ, ಗಿಡದ ಹಿಂದ ನಿಂತು ನೋಡಿದ್ರು. ಉಳದದ್ದು ಬಾಗಿಲ ಒಂದ. "ನಾನೇ ಹಿಂದೆ ಕೂತು ನೋಡ್ತೀನಿ, ಓಡ್ಸು" ಅಂದ್ರು.

ನೆಲೋಗಿ ರಸ್ತಾದ ಮ್ಯಾಲ ಹೊಂಟೆ. ಎಂಥಾ ತಿರುವು ಬಂದ್ರೂ ಬಾಗಿಲ ಮಿಸುಕಲಿಲ್ಲ. ಉಸ್ತಾದ ಅಂಥಾ ಗಟ್ಟಿ ಕೊಂಡಿ ಹಾಕಿದ್ದ. "ಸರಿ, ನಿಲ್ಸು, ಇಳೀತೀನಿ" ಅಂತ ತಗಡಿನ ಆಚೆಯಿಂದ ದನಿ ಬಂತು. ನಿಲ್ಲಿಸಿದೆ. ಬಾಗಿಲ ತೆರೀಲಿಲ್ಲ. ಒಳಗಿಂದ ಅವರು ದೂಡಿದ್ರು, ಹೊರಗಿಂದ ನಾ ಜಗ್ಗಿದೆ. ಹಿಂದಿನ ಬಾಗಿಲಿಗೂ ಅಂಥಾದ ಕೊಂಡಿ, ಅದೂ ಬರಲಿಲ್ಲ. ಗಾಜು ನಾಕು ಬೆರಳಷ್ಟ ಸರೀತಿತ್ತು.

ಸುಣ್ಣ ಗಾಳಿಗೆ ಉದುರಿ ಹೋಗಿತ್ತು. ಹೊಲದಾಗಿನ ಮಂದಿ ಅಕ್ಷರ ನೋಡಿ ಬಂದು ಕೈ ಮುಗಿದು ಸಾಲಾಗಿ ನಿಂತ್ರು. ಅಷ್ಟರಾಗ ಗಾಜಿನ ಹಿಂದ ಸಾಹೇಬರ ಬಿಳಚಿದ ಮುಖ ಬಂತು, ಎರಡೂ ಕೈಲೆ ಧಬಧಬ ಬಡಿಯಾಕತ್ತಿದ್ರು. ಮುಗಿದ ಕೈ ಮುಗಿದಾಂಗ ಮಂದಿ ದಿಕ್ಕಾಪಾಲು ಓಡಿದ್ರು. ಸಾಹೇಬರ ಗುರುತು ಹಿಡಿದ ಇಬ್ಬರು ಬೈಕಿನ ಮ್ಯಾಲ ಕ್ಯಾಂಪಿನ ಕಡೆ ಹಾರಿದ್ರು.

ನನಗ ಒಂಬತ್ತೂ ಟೀಚರಮ್ಮಗೋಳು ಕೈಬಿಟ್ಟು ಹೋದಂಗ ಕಂಡು, ತಡಿಯಲಾರದ ದುಃಖ ಬಂತು. ಬಾಗಲಿಗೆ ಹಣಿ ಹಚ್ಚಿ ಅತ್ತುಬಿಟ್ಟೆ. "ಸಾಹೇಬ್ರ, ಕೈ ಬಿಡಬ್ಯಾಡ್ರಿ! ಇನ್ನ ನನ್ನ ಗತಿ ಏನ್ರಿ? ನೀವ ಇಲ್ಲಂದ್ರ ನನಗ ಯಾರದಾರ್ರಿ?"

ಓಡದ ನಿಂತಾಕಿ ಒಬ್ಬಾಕಿನ, ಕಳೆ ತೆಗಿಯೋ ಮುದುಕಿ. ಬಂದು ನನ್ನ ಬೆನ್ನ ಮ್ಯಾಲ ಕೈ ಆಡಿಸಿ, "ಅಳಬ್ಯಾಡ ನನ್ನಪ್ಪಾ, ನಿಮ್ಮವರ ಆಯುಷ್ಯ ಇಷ್ಟ ಇತ್ತು" ಅಂದ್ಳು. ಆಮ್ಯಾಲ ಗಾಜಿನ ಕಡೆ ನೋಡಿದ್ಳು. "ಅಯ್ಯ ನಿಮ್ಮ! ಇನ್ನೂ ಜೀವ ಅದಲ್ಲೋ! ಸರಿಯಾಗಿ ನೋಡಿ ಒಯ್ಯಬಾರದೇನೋ ಬಾಡ್ಯಾ!" ಅಂತ ಕೈಯಾಗಿನ ಕಳೆ ಕುರಪಿ ಹಾಕಿ ಒಂದ ಏಟಿಗೆ ಕೊಂಡಿ ಎಬ್ಬಿಸಿದ್ಳು. ಸಾಹೇಬರು ಹೊರಗ ಬಿದ್ರು. ಆಕಿ ಅವರ ತಲಿ ತೊಡಿಮ್ಯಾಲ ಇಟ್ಟುಕೊಂಡು ಬಾಯಾಗ ನೀರು ಬಿಟ್ಳು. ಅವರು ಹುಡುಗರಂಗ ಗಟಗಟ ಕುಡದ್ರು.

ಹೊಳ್ಳಿ ಬರೋ ಮುಂದ ಸಾಹೇಬರು ನನ್ನ ಬಾಜೂನ ಕೂತ್ರು. ಕ್ಯಾಂಪಿಗೆ ಬೈಕಿನವರು ಸಾಹೇಬರು ತೀರಿಕೊಂಡ್ರಂತ ಸುದ್ದಿ ಮುಟ್ಟಿಸಿದ್ರು. ಸಾಹೇಬರ ಕುರ್ಚಿಗೆ ಆಗಲೇ ಹಾರ ಬಿದ್ದಿತ್ತು. ಅದರ ಸುತ್ತ ಗುಮಾಸ್ತರು, ಏಜೆಂಟರು ನಿಂತು ಮಿರ್ಚಿ ಭಜಿ ತಿನ್ನಾಕತ್ತಿದ್ರು. "ಮುಂದ ಬರಾವ ಯಾರಂತೋ?" ಅಂತ ಒಬ್ಬ. "ಯಾರರೆ ಬರಲಿ, ನನ್ನ ಕಾಗದಕ್ಕ ಸೈನ್ ಮಾಡಿ ಹೋಗಿದ್ರ ಚಲೋ ಇತ್ತು" ಅಂತ ಇನ್ನೊಬ್ಬ. ಒಬ್ಬರ ಕಣ್ಣೂ ಹಸಿ ಇರಲಿಲ್ಲ. ಸಾಹೇಬರು ಬಾಗಲದಾಗ ನಿಂತು ಎಲ್ಲಾ ಕೇಳಿದ್ರು. ಮಿರ್ಚಿ ಬಾಯಾಗ ಇದ್ದವರಿಗೆ ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು.

ಅವರು ಹಾರ ತೆಗದು ಕುರ್ಚಿಮ್ಯಾಲ ಕೂತ್ರು. ಉಸ್ತಾದನ್ನ ಕರೆಸಿ ಎರಡೂ ಬಾಗಲಿಗೆ ಬ್ಯಾರೆ ಕೊಂಡಿ ಹಾಕಿಸಿ, ನಡುವಿನ ತಗಡು ಬಿಚ್ಚಿಸಿ, ಒಳಗಿಂದ ಹತ್ತು ಸಲ ತೆಗೆದು ಹಾಕಿಸಿ ನೋಡಿದ್ರು. ಆಮ್ಯಾಲ ನನ್ನ ಕಾಗದ ಮುಂದ ಎಳಕೊಂಡು, ಎಲ್ಲಾರಿಗೂ ಕೇಳೋ ಹಂಗ ಅಂದ್ರು: "ಇಷ್ಟು ಜನದಲ್ಲಿ ನನಗೋಸ್ಕರ ಅತ್ತೋನು ಇವನೊಬ್ಬನೇ ಕಣ್ರಯ್ಯಾ."

ನಾ ಅತ್ತದ್ದು ಆ ಕಾಗದದ ಸಲುವಾಗಿ ಅಂತ ಹೇಳಾಕ ಬಾಯಿ ತೆಗದೆ. ಅಷ್ಟರಾಗ ಧಪ್ ಅಂತ ಸೀಲು ಬಿತ್ತು, ಬಾಯಿ ಮುಚ್ಚಿಕೊಂಡೆ.