ನೆಗ್ಗು ತೆಗೆದ ಲೋಟ

ನಮ್ಮಣ್ಣನನ್ನು ಸರಕಿನ ಹಾಗೆ ಒಮ್ಮೆ ತಿರುಗಿಸಿ ನೋಡೋಣ. ತೂಕ ಭರ್ತಿ, ಹೊರಮೈ ನುಣುಪು, ಸದ್ದು ಜಾಸ್ತಿ, ಬಾಳಿಕೆ ಮಾತ್ರ ದೇವರೇ ಬಲ್ಲ. ಒಮ್ಮೆ ಕೊಂಡ ಮಾಲನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಬೇಕಾದರೆ ಅತ್ತಿಗೆಯನ್ನು ಕೇಳಿ! ಅತ್ತಿಗೆಯದು ಬೇರೆಯೇ ದರ್ಜೆ. ಮೇಲೆ ಬಣ್ಣದ ಕಾಗದವಿಲ್ಲ, ಒಳಗೆ ಕಲಬೆರಕೆಯಿಲ್ಲ. ಅಣ್ಣನ ದಿನಸಿ ಅಂಗಡಿಯಲ್ಲಿ ಪಾಲುದಾರನಾಗಿ ಕೂರುವ ನಾನು ಇಬ್ಬರನ್ನೂ ದಿನವೂ ತೂಗುತ್ತಲೇ ಇರುತ್ತೇನೆ.

ಆ ದಿನ ಮಧ್ಯಾಹ್ನ ಎದುರು ಕಚೇರಿಯ ಮ್ಯಾನೇಜರ್ ಮನೆಗೇ ಬಂದು ಅತ್ತಿಗೆಯ ತರಕಾರಿ ಸೂಪಿನ ರುಚಿ ನೋಡುವವರಿದ್ದರು. ಹಿಂದಿನ ವಾರ ಕಳಿಸಿದ್ದು ಅವರಿಗೆ ಹಿಡಿಸಿತ್ತು. "ಇದೇ ರುಚಿ ಇನ್ನೊಂದು ಸಲ ಬಂದರೆ ಇಡೀ ಕಚೇರಿಯ ಊಟ ನಿಮ್ಮದೇ" ಎಂದಿದ್ದರು. ಅತ್ತಿಗೆ ಎಷ್ಟೋ ಕಾಲದಿಂದ ಕಾದಿದ್ದ ಆರ್ಡರು! ಆದರೆ ಅವತ್ತೇ ಅವರಿಗೆ ಮೂಗು ಕಟ್ಟುವಂಥ ನೆಗಡಿ. ನಾಲಿಗೆಗೆ ಬೆಲ್ಲವೂ ಒಂದೇ, ಬೂದಿಯೂ ಒಂದೇ.

"ರುಚಿ ಗೊತ್ತಾಗ್ದಿದ್ರೇನಂತೆ, ನನ್ನ ಅಳತೆ ಇದೆಯಲ್ಲ" ಎಂದು ಚೀಲ ಹಿಡಿದು ಮಾರುಕಟ್ಟೆಗೆ ಹೊರಟರು.

ಅವರು ಬೀದಿಯ ತಿರುವಿನಲ್ಲಿ ಮರೆಯಾದದ್ದೇ ತಡ, ಅಣ್ಣ ಅಂಗಿಯ ತೋಳು ಮಡಚಿದ.

"ಅಡುಗೆಮನೆ ತೊಳೆಯೋದು ಅಂದ್ರೇನು ಅಂತ ಇವತ್ತು ಲೋಕಕ್ಕೆ ತೋರಿಸ್ತೀನಿ! ಮ್ಯಾನೇಜರು ಒಳಗೆ ಇಣುಕಿದ್ರೆ ಪಾತ್ರೇಲಿ ಅವರ ಮುಖ ಅವರಿಗೇ ಕಾಣ್ಬೇಕು!"

"ಅತ್ತಿಗೇನ ಒಂದು ಮಾತು ಕೇಳಿದ್ರೆ..."

"ಸಾಮಾನು ಹೊಳೆಯೋ ಹಾಗೆ ಇಡೋದನ್ನ ಅವಳು ನನಗೆ ಕಲಿಸ್ಬೇಕಾ?"

ದಂಡಯಾತ್ರೆ ಶುರುವಾಯಿತು. ಮರದ ಸೌಟುಗಳು ಸೋಪುನೀರಿನ ಬಕೆಟ್ಟಿನಲ್ಲಿ ಮುಳುಗಿದವು. ಪಾತ್ರೆಗಳ ಕರಿ ಅಣ್ಣನ ಮೂಗಿಗೂ ಹಣೆಗೂ ವರ್ಗವಾಯಿತು. ಕೊನೆಗೆ ಉಪ್ಪಿನ ಡಬ್ಬಿಯಲ್ಲಿದ್ದ ಪುಟ್ಟ ಸ್ಟೀಲ್ ಲೋಟ ಕೈಗೆ ಸಿಕ್ಕಿತು. ಅದರ ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ನೆಗ್ಗು.

"ಥೂ, ಇಂಥದ್ದನ್ನ ಇಟ್ಕೊಂಡು ಸಂಸಾರ ಮಾಡ್ತಿದಾಳಲ್ಲ!"

ಸುತ್ತಿಗೆ ಬಂತು. ಟಣ್! ಟಣ್! ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದರು. ಲೋಟ ಮದುಮಗನಂತೆ ಫಳಫಳಿಸಿತು.

ಅತ್ತಿಗೆ ಮರಳಿ ಬಂದು, ಹೊಳೆಯುವ ಅಡುಗೆಮನೆಯನ್ನು ನೋಡಿ ಕೇಳಿದ್ದು ಒಂದೇ ಮಾತು: "ಏನೇನು ಮುರಿದ್ರಿ?"

"ಮುರಿಯೋದಾ? ಎಲ್ಲಾ ಹೊಸದು ಮಾಡಿದ್ದೀನಿ ಕಣೇ!"

ಮೊದಲ ಪಾತ್ರೆ ಒಲೆಯೇರಿತು. ಸೌಟು ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಸೂಪಿನ ಮೇಲೆ ಬಟ್ಟೆ ಒಗೆಯುವ ಬಕೆಟ್ಟಿನಷ್ಟು ನೊರೆ!

"ರೀ, ಈ ಸೌಟು ಎಷ್ಟು ಹೊತ್ತು ನೆನೆಹಾಕಿದ್ರಿ?"

"ನೀನು ಹೋದಾಗಿಂದ. ಚೆನ್ನಾಗಿ ನೆನೀಲಿ ಅಂತ..."

"ಮರ ಕಣ್ರೀ ಅದು! ಕುಡಿದದ್ದನ್ನೆಲ್ಲ ಈಗ ಕಕ್ತಾ ಇದೆ!"

ಪಾತ್ರೆ ಮೋರಿಗೆ ಬರಿದಾಯಿತು. ಸೌಟು ಬದಲಾಯಿತು, ಎರಡನೆಯ ಪಾತ್ರೆ ಏರಿತು. ಅತ್ತಿಗೆ ಎಂದಿನಂತೆ ಕಣ್ಣೂ ಹಾಯಿಸದೆ ಒಂದು ಲೋಟ ಉಪ್ಪು ಸುರಿದರು. ರುಚಿ ನೋಡುವ ಭಾಗ್ಯ ನನ್ನದು. ಎರಡು ಚಮಚ ಬಾಯಿಗೆ ಬಿದ್ದದ್ದೇ ತಡ, ಕಣ್ಣಲ್ಲಿ ನೀರು!

"ಅತ್ತಿಗೇ... ಸಮುದ್ರ!"

"ಒಂದೇ ಲೋಟ ಕಣಪ್ಪಾ ಹಾಕಿದ್ದು!" ಎಂದು ಲೋಟವನ್ನು ಎತ್ತಿ ತಿರುಗಿಸಿದರು. ಅವರ ಹೆಬ್ಬೆರಳು ತನ್ನ ಹಳೆಯ ಜಾಗವನ್ನು ಹುಡುಕಿ ಜಾರಿತು. "ನೆಗ್ಗು ಎಲ್ಲಿ?"

"ತೆಗೆದ್ಬಿಟ್ಟೆ!" ಅಣ್ಣ ಎದೆಯುಬ್ಬಿಸಿದ.

"ನೆಗ್ಗು ಇದ್ದ ಜಾಗದಲ್ಲಿ ಈಗ ಏನು ಕೂತಿದೆ, ಹೇಳಿ?"

ಇಷ್ಟು ವರ್ಷ ಅಳೆದು ಮಾರಿದವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಎದೆ ಇಳಿಯಿತು. "ಸ್ವಲ್ಪ ಕಮ್ಮಿ ಹಾಕಿದ್ರಾಯ್ತಪ್ಪ..."

"ಎಷ್ಟು ಕಮ್ಮಿ? ನಿಮ್ಮ ಸ್ವಲ್ಪವೋ, ನನ್ನ ಸ್ವಲ್ಪವೋ? ನನಗೋ ನಾಲಿಗೆ ಇಲ್ಲ. ಇವನ ನಾಲಿಗೇನ ಈಗಷ್ಟೇ ಉಪ್ಪಿನಕಾಯಿ ಹಾಕಿ ಆಯ್ತು. ಉಳಿದಿರೋದು ಒಂದೇ ಪಾತ್ರೆಗಾಗೋ ತರಕಾರಿ!"

ಆಮೇಲೆ ಅತ್ತಿಗೆ ತಣ್ಣಗೆ ಹೇಳಿದರು: "ಇದರ ಜೋಡಿ ಅಂಗಡೀಲಿದೆಯಲ್ಲ, ತನ್ನಿ."

ಅಣ್ಣ ಬಿಳಿಚಿಕೊಂಡ. "ಯಾ... ಯಾವ ಜೋಡಿ?"

"ಮೆಣಸು ಅಳೆಯೋ ಲೋಟ! ಎರಡೂ ಒಟ್ಟಿಗೆ ತಂದವರು ನೀವೇ. ನೆಗ್ಗು ಹಾಕೋದನ್ನ ಮೊದಲು ಇದರ ಮೇಲೆ ಅಭ್ಯಾಸ ಮಾಡಿ ನನಗೆ ಕೊಟ್ರಿ. ಕೈ ಕುದುರಿದ ಮೇಲೆ ಅದೇ ಕಲ್ಲಲ್ಲಿ, ಅದೇ ಜಾಗಕ್ಕೆ, ಅದಕ್ಕೂ ಬಡಿದ್ರಿ. ಗಿರಾಕಿಗೆ ನಾಲ್ಕು ಕಾಳು ಕಮ್ಮಿ ಬೀಳಲಿ ಅಂತ. ಅಡುಗೆಮನೆಗೂ ಕಿಟಕಿ ಇದೆ ಕಣ್ರೀ!"

ಅಣ್ಣ ಅಂಗಡಿಗೆ ಹೋಗಿ ಆ ಲೋಟವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಸ್ವಂತ ಮನೆಗೇ ಕನ್ನ ಹಾಕುವವನಂತೆ ಗೋಡೆ ಸವರಿಕೊಂಡು ಬಂದ. ಅತ್ತಿಗೆಯ ಹೆಬ್ಬೆರಳು ನೆಗ್ಗಿನಲ್ಲಿ ಸರಿಯಾಗಿ ಕೂತಿತು. ಮೂರನೆಯ ಪಾತ್ರೆ ಕುದಿಯಿತು.

ಮ್ಯಾನೇಜರ್ ಬಂದರು. ಕುಡಿದರು. ಬಟ್ಟಲನ್ನು ಮತ್ತೆ ಮುಂದೆ ಚಾಚಿದರು. "ಅದೇ ರುಚಿ! ನಾಳೆಯಿಂದಲೇ ಶುರು ಮಾಡಿಬಿಡಿ." ಹೊಳೆಯುವ ಪಾತ್ರೆಗಳತ್ತ ಅವರು ತಲೆ ಎತ್ತಿಯೂ ನೋಡಲಿಲ್ಲ!

ಸಂಜೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೆಮ್ಮಿದ. "ಅಂಗಡಿ ಲೋಟ ಕೊಡ್ತೀಯಾ?"

"ಇಗೋ" ಎಂದು ಅತ್ತಿಗೆ, ಅವನೇ ಬಡಿದು ನೆಗ್ಗು ತೆಗೆದ ಲೋಟವನ್ನು ಕೈಗಿಟ್ಟರು. "ಎಷ್ಟು ಚೆನ್ನಾಗಿ ಹೊಳೀತಿದೆ ನೋಡಿ. ಇದು ಮಾಲು ಇರೋ ಕಡೆ ಇರಲಿ, ನೆಗ್ಗಿನದು ನನ್ನ ಹತ್ರ."

ಅಣ್ಣ ಈಗ ಒಂದೊಂದು ಲೋಟ ಮೆಣಸಿಗೂ ನಿಟ್ಟುಸಿರು ಬಿಡುತ್ತಲೇ ಅಳೆಯುತ್ತಾನೆ. ಗಿರಾಕಿಗಳು "ನಿಮ್ಮಲ್ಲಿ ಅಳತೆಗೆ ಮೋಸವಿಲ್ಲ" ಎನ್ನುತ್ತಾರೆ. ನಾನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ತಲೆಯಾಡಿಸುತ್ತೇನೆ. ಆ ಒಳ್ಳೆಯ ಹೆಸರಿಗಾಗಿ ನಾನು ಅತ್ತಿಗೆಗೆ ಋಣಿ.