ಬೀಗರ ಜಪಾನಿ ಬಟ್ಟಲು

ಸೀರೆಯಲ್ಲಿ ಒಂದೇ ಒಂದು ಎಳೆ ತಪ್ಪಿದ್ದರೂ ಹಿಡಿಯುವ ಕಣ್ಣು ನನ್ನದು. ಬನಹಟ್ಟಿಯ ನನ್ನ ಅಂಗಡಿಗೆ ಮಾಲು ತರುವ ನೇಕಾರರು ಒಳಗೊಳಗೇ ನನ್ನನ್ನು ಬೈದುಕೊಳ್ಳುತ್ತಾರೆ. ಅದನ್ನು ನಾನು ಗೌರವವೆಂದೇ ಸ್ವೀಕರಿಸಿದ್ದೇನೆ.

ಮಗಳನ್ನು ಕೊಟ್ಟ ಜಮಖಂಡಿಯ ಬೀಗರು ಜಪಾನಿಗೆ ಹೋಗಿದ್ದವರು, ಕೈಯಿಂದ ಮಾಡಿದ ಒಂದು ಮಣ್ಣಿನ ಚಹಾ ಬಟ್ಟಲು ತಂದಿದ್ದರು. ಲೋಕಾಪುರದ ಮದುವೆಗೆ ಹೋಗುವಾಗ ಅದನ್ನು ನಮ್ಮ ಮನೆಯಲ್ಲಿಟ್ಟರು.

"ಸಾವಕಾಶ ನೋಡ್ರಿ ಬೀಗರ. ನಾ ಬಂದಮ್ಯಾಲ ಮಾತಾಡೂಣು" ಎಂದರು.

ನೋಡಿದೆ. ಕಂದು ಬಣ್ಣ. ಹಿಡಿಕೆ ಇಲ್ಲ, ಬಾಯಿ ಬೇರೆ ಸೊಟ್ಟ. ಮೆಚ್ಚುವುದು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ತಿರುಗಿಸುತ್ತಿದ್ದಾಗ ಅದು ಕೈಜಾರಿ ಸೀರೆಯ ಗಂಟಿನ ಮೇಲೆ ಬಿತ್ತು. ಎತ್ತಿ ನೋಡಿದರೆ ಬುಡದ ಹತ್ತಿರ ಮೂರು ಕಡೆ ಹೊಳಪೇ ಇಲ್ಲ, ಬರೀ ಮಣ್ಣು! ಬಿದ್ದು ಚಕ್ಕೆ ಎದ್ದಿದೆ ಎಂದುಕೊಂಡೆ.

"ಸೀರಿ ಮ್ಯಾಲ ಬಿದ್ರ ಏನ್ ಆಗತೈತ್ರಿ? ಅದು ಮೊದಲ ಹಂಗ ಇದ್ದೀತು" ಎಂದಳು ಹೆಂಡತಿ.

"ಅಂಥಾ ಡ್ಯಾಮೇಜ್ ಮಾಲ ಬೀಗರು ಯಾಕ ತರ್ತಾರ?"

ಚೂರು ಹುಡುಕಲು ಗಂಟು ಬಿಚ್ಚಿ ಒಂದೊಂದೇ ಸೀರೆ ಕೊಡವಿದೆ. ಸಿಗಲಿಲ್ಲ. ಚೂರಿಲ್ಲವೆಂದರೆ ಒಡೆದಿಲ್ಲ ಎಂದು ಸಾಮಾನ್ಯರು ತಿಳಿಯುತ್ತಾರೆ. ಚೂರೂ ಕಳೆದುಹೋಯಿತೆಂದು ನಾನು ತಿಳಿದೆ.

ನನ್ನಿಂದಾಗಿ ಮಗಳು ಗಂಡನ ಮನೆಯಲ್ಲಿ ತಲೆ ತಗ್ಗಿಸಬಾರದಲ್ಲ. ಗೋಡೆಗೆ ತಂದಿದ್ದ ಪುಟ್ಟಿ ಮೆತ್ತಿ, ಬಾಗಿಲಿಗೆ ಬಳಿದು ಉಳಿದಿದ್ದ ಕಂದು ಬಣ್ಣ ಹಚ್ಚಿದೆ. ಬಣ್ಣ ಒಣಗುವ ಮೊದಲೇ ಬೀಗರು ಬಂದುಬಿಟ್ಟರು. ಅವಸರದಲ್ಲಿ ಬಟ್ಟಲನ್ನು ಎತ್ತಿ ತಂದು ಟೇಬಲ್ಲಿನ ಮೇಲಿಟ್ಟೆ.

ಅವರು ಬುಡ ನೋಡಿದರು. "ಬೆರಳ ಎಲ್ಲಿ ಹೋದುವ್ರಿ?"

"ಯಾರ ಬೆರಳ್ರಿ?"

"ಮಾಡಿದಾಂವಂದು. ಬುಡ ಹಿಡಿದು ಹೊಳಪಿನ ನೀರಾಗ ಅದ್ದತಾನ. ಹಿಡಿದಲ್ಲಿ ಹೊಳಪು ಹತ್ತೂದಿಲ್ಲ. ಆ ಮೂರು ಬೆರಳಿನ ಗುರ್ತ ನೋಡೇ ನಾ ಇದನ್ನ ತಂದಿದ್ದೆ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಫ್ಯಾನು ನೋಡುತ್ತಿದ್ದಳು.

"ನಮ್ಮ ಕಡೆ ಹವಾಕ್ಕ ಮುಚ್ಚಿಕೊಂಡಿರಬೇಕ್ರಿ" ಎಂದೆ.

ಬೀಗರು ಕನ್ನಡಕ ಏರಿಸಿದರು. "ಹಂಗಾರ ಈ ಹೆಬ್ಬೆಟ್ಟು ಯಾರದ?"

ಹಸಿ ಬಣ್ಣದ ಮೇಲೆ ನನ್ನ ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತ್ತು. ಕಂದು ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಷಯ ಕೇಳಿ ಮಗಳು ಫೋನಿನಲ್ಲಿ ಅವರಿಗಿಂತ ಜೋರಾಗಿ ನಕ್ಕಳು. ಅವಳ ತಲೆ ತಗ್ಗಲಿಲ್ಲ, ಅಷ್ಟು ಸಾಕು.

ಆದರೆ ಸುದ್ದಿ ನೇಕಾರರಿಗೂ ಮುಟ್ಟಿದೆ. ಎಳೆ ತಪ್ಪಿದ ಸೀರೆ ಮುಂದಿಟ್ಟು, "ಬೆರಳಿನ ಗುರ್ತ ಐತ್ರಿ ಸಾಹುಕಾರ್ರ" ಅನ್ನುತ್ತಾರೆ. ನಾನು ಸುಮ್ಮನೆ ತೆಗೆದುಕೊಳ್ಳುತ್ತೇನೆ.